ಅಪ್ಪ ನಕ್ಕ ನಾಲ್ಕು ಸೆಕೆಂಡು

ಬನ್ನಿಮಂಟಪದ ಒಂದು ಮಹಡಿ ಕೋಣೆಯಲ್ಲಿ ಕೂತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಸಿನಿಮಾ ಮಾಡಬೇಕೆಂದು ಕಲಿತ ವಿದ್ಯೆ ಇದು, ಒಲಿದದ್ದು ಮಾತ್ರ ಮದುವೆ ಛತ್ರ. ಆದರೂ ಕಸುಬಿನ ಗುಟ್ಟು ಎರಡು ಕಡೆಯೂ ಒಂದೇ. ಊಟದ ಮನೆಯ ಬಾಗಿಲು ತೆರೆದರೇ ಎಂದು ಕತ್ತು ಚಾಚಿ ನೋಡುತ್ತಿರುವ ಸೋದರತ್ತೆಯ ಮುಖವನ್ನು ತಾಳಿ ಕಟ್ಟುವ ದೃಶ್ಯದ ಪಕ್ಕ ಇಟ್ಟರೆ ಸಾಕು, ಆಕೆಗೆ ಮನಸ್ಸು ತುಂಬಿ ಬಂದಂತೆ ಕಾಣುತ್ತದೆ. ಅದೇ ಮುಖವನ್ನು ಬಾಳೆ ಎಲೆಯ ಪಕ್ಕ ಇಟ್ಟರೆ ಪಾಪ, ಹಸಿದಿದ್ದಾಳೆ ಎನ್ನಿಸುತ್ತದೆ. ನೋಡುವವರು ಎರಡು ತುಣುಕುಗಳನ್ನು ತಾವೇ ಹೊಲಿದುಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಈ ವಿದ್ಯೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ಈಗ ಇಲ್ಲ.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಚಿತ್ರೀಕರಿಸಿದ್ದೆಲ್ಲ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ ಧ್ವನಿಯನ್ನು ಮ್ಯೂಟ್ ಮಾಡುವುದು. ಜನರೇಟರ್ ಸದ್ದು, ಮಕ್ಕಳ ಗಲಾಟೆ, ಬೀಗದ ಕೈ ಯಾರ ಹತ್ತಿರ ಇದೆ ಎಂಬ ಕೂಗಾಟ ಬಿಟ್ಟರೆ ಛತ್ರದಲ್ಲಿ ಕೇಳುವಂಥದ್ದೇನೂ ಇರುವುದಿಲ್ಲ. ಮೇಲೆ ಹೇಗೂ ನಾದಸ್ವರ ಹಾಕುತ್ತೇವೆ.

ಅಕ್ಕನ ಮದುವೆಯಾಗಿ ಐದು ವರ್ಷವಾಯಿತು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರನ್ನು ಅವಳೇ ಆರಿಸಿಕೊಂಡಿದ್ದಳು. ಜಾತಿ ಬೇರೆ. ಅಪ್ಪ ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟರು. ಅಮ್ಮನ ಬಲವಂತಕ್ಕೆ ಛತ್ರಕ್ಕೇನೋ ಬಂದರು, ಧಾರೆ ಎರೆಯಲು ಮಾತ್ರ ಒಪ್ಪಲಿಲ್ಲ. ಸೋದರಮಾವ, ಅತ್ತೆ ಎರೆದುಕೊಟ್ಟರು. ಹೊಸ ಬಟ್ಟೆ ಬೇಡವೆಂದು ಎರಡು ದಿನವೂ ಒಂದೇ ಬಿಳಿ ಅಂಗಿಯಲ್ಲಿದ್ದ ಅಪ್ಪ, ಮುಹೂರ್ತದ ಹೊತ್ತಿಗೆ ಯಾರೋ ಹಚ್ಚಿದ ಗಂಧವನ್ನು ಹಣೆಯಲ್ಲಿಟ್ಟುಕೊಂಡು, ಯಾರದೋ ಮನೆಯ ಮದುವೆಗೆ ಬಂದವರಂತೆ ಮೂರನೆಯ ಸಾಲಿನಲ್ಲಿ ಕೂತರು. ಗಟ್ಟಿಮೇಳವಾದಾಗಲೂ ತಲೆ ಎತ್ತಲಿಲ್ಲ. ಎಲ್ಲರ ಅಕ್ಷತೆ ಬಿತ್ತು, ಅವರದು ಮುಷ್ಟಿಯಲ್ಲೇ ಉಳಿಯಿತು.

ಅವತ್ತು ನನಗೆ ಹೆಣ್ಣಿನ ತಮ್ಮನ ಓಡಾಟವೇ ಆಯಿತು. ಕ್ಯಾಮೆರಾ ಹಿಡಿದದ್ದು ನನ್ನ ಜೊತೆ ಕೆಲಸ ಮಾಡುವ ಗೆಳೆಯ. ವಾರದ ಮೇಲೆ ಎಡಿಟ್ ಮಾಡಲು ಕೂತಾಗ ನೋಡುತ್ತೇನೆ, ಕೊರಳಿಗೆ ತಾಳಿ ಬೀಳುವ ಮುಂಚೆ ಅಕ್ಕ ಒಮ್ಮೆ ಕಣ್ಣೆತ್ತಿ ಮೂರನೆಯ ಸಾಲಿನ ಕಡೆ ನೋಡುತ್ತಾಳೆ. ಆ ನೋಟದ ಮುಂದೆ ಇಡಲು ನನ್ನ ಬಳಿ ಇದ್ದದ್ದು ಬಗ್ಗಿಸಿದ ತಲೆಯೊಂದೇ. ಬೇರೇನಾದರೂ ಸಿಗಬಹುದೇ ಎಂದು ತಡಕಿದೆ. ಹಿಂದಿನ ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಪ್ಪ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳಿ, ಆಮೇಲೆ ನಗುವ ತುಣುಕೊಂದು ಸಿಕ್ಕಿತು. ಮಾತಾಡುವ ಭಾಗ ಕತ್ತರಿಸಿ, ನಗುವ ನಾಲ್ಕು ಸೆಕೆಂಡು ಉಳಿಸಿಕೊಂಡು, ಅಕ್ಕನ ನೋಟದ ಮುಂದಕ್ಕೆ ಸೇರಿಸಿದೆ. ಮಗಳು ನೋಡಿದಳು, ಅಪ್ಪ ನಕ್ಕರು. ನಾನೇ ಕಟ್ಟಿದ ಸುಳ್ಳಿಗೆ ನನಗೇ ಕಣ್ಣಲ್ಲಿ ನೀರು ಬಂತು.

ವಿಡಿಯೊ ನೋಡಿದ ದಿನ ಅಕ್ಕ ಫೋನ್ ಮಾಡಿ ಅತ್ತಳು. ಅಪ್ಪ ನಕ್ಕದ್ದು ತನಗೆ ಗೊತ್ತೇ ಆಗಲಿಲ್ಲವಲ್ಲ ಎಂದಳು. ಇನ್ನು ಎಲ್ಲ ಸರಿಹೋಗುತ್ತದೆ, ಮನೆಗೆ ಬಂದುಹೋಗುತ್ತಿರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಅಮ್ಮನೇ ಬಾಗಿನ ಹಿಡಿದು ಶ್ರೀರಾಂಪುರದ ನಮ್ಮ ಮನೆಯಿಂದ ಎರಡು ಬಸ್ಸು ಹತ್ತಿ ಮೇಟಗಳ್ಳಿಗೆ ಹೋಗುತ್ತಿದ್ದಳು. ಅಪ್ಪ ಕರೆಯಲಿಲ್ಲ, ಅಕ್ಕ ಬರಲಿಲ್ಲ. ಯಾಕಿಷ್ಟು ಹಟ ಎಂದು ಅವಳ ಮೇಲೆ ನನಗೆ ಸಿಟ್ಟೂ ಇತ್ತು. ಹೀಗೇ ನಾಲ್ಕು ವರ್ಷ ಕಳೆಯಿತು. ಹೋದ ವರ್ಷ ಒಂದು ಬೆಳಿಗ್ಗೆ ಹಾಲು ತರಲು ಹೋದ ಅಪ್ಪ ನಮ್ಮ ಬೀದಿ ತಿರುವಿನಲ್ಲೇ ಕುಸಿದುಬಿದ್ದರು. ಮದುವೆಯಾದ ಮೇಲೆ ಅಕ್ಕ ಮೊದಲ ಸಲ ನಮ್ಮ ಹೊಸ್ತಿಲು ದಾಟಿದ್ದು ಅವರ ಮುಖ ನೋಡಲು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಮದುವೆಯಲ್ಲಿ ತೆಗೆದದ್ದೆಲ್ಲ ಹಾಗೇ ಇಟ್ಟಿದ್ದೀಯಾ ಎಂದು ಕೇಳಿದಳು. ಗಿರಾಕಿಗಳದಾದರೆ ಮೂರು ತಿಂಗಳಿಗೆ ಅಳಿಸಿಬಿಡುತ್ತೇನೆ, ಮನೆಯದೆಂದು ಇಟ್ಟಿದ್ದೆ. ಯಾಕೆ ಎಂದೆ.

"ಆ ನಗು ಎಲ್ಲಿಂದ ತಂದು ಹಾಕ್ದೆ ಅಂತ ನೋಡ್ಬೇಕು," ಅಂದಳು. "ಅದ್ರಲ್ಲಿ ಅಪ್ಪನ ಹಣೇಲಿ ಗಂಧ ಇಲ್ಲ ಕಣೋ. ಮೊದಲ್ನೇ ತಿಂಗಳಲ್ಲೇ ಗೊತ್ತಾಯ್ತು ನಂಗೆ."

ಎಷ್ಟು ಸಲ ನೋಡಿದ್ದಳೋ. ನೂರಾರು ಮದುವೆ ಎಡಿಟ್ ಮಾಡಿದ ನನ್ನ ಕಣ್ಣಿಗೆ ಬೀಳದ ಗಂಧ ಅವಳ ಕಣ್ಣಿಗೆ ಬಿದ್ದಿತ್ತು. ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಆ ಸಂಜೆ ಅಪ್ಪ ಇವಳನ್ನೇ ಆಡಿಕೊಂಡು ನಕ್ಕಿದ್ದರೆ ಏನು ಗತಿ? ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಆ ತುಣುಕನ್ನು ಹುಡುಕಿದೆ. ಮೊದಲ ಸಲ ಅದರ ಧ್ವನಿ ತೆರೆದೆ.

ಪಾತ್ರೆಗಳ ಸದ್ದು. ಯಾರೋ ತೆಂಗಿನಕಾಯಿ ಎಲ್ಲಿ ಎನ್ನುತ್ತಿದ್ದಾರೆ. ನನ್ನ ಗೆಳೆಯ, ಸಾರ್ ಸ್ವಲ್ಪ ಈ ಕಡೆ ನೋಡಿ ಎನ್ನುತ್ತಾನೆ. ಅಪ್ಪ ತಿರುಗುತ್ತಾರೆ.

"ನನ್ನನ್ ಯಾಕಪ್ಪ ತೆಗೀತೀಯ, ಬುಡು. ಅಲ್ನೋಡು, ನಮ್ ಮಗು ಸೀರೆ ಉಟ್ಕೊಂಡು ಬಂದವ್ಳೆ. ಅವಳನ್ನ ತೆಗಿ. ಚೆನ್ನಾಗಿ ತೆಗಿ."

ಆಮೇಲೆ ಆ ನಗು. ಅವರ ಕಣ್ಣು ಕ್ಯಾಮೆರಾ ದಾಟಿ ಅದರ ಹಿಂದೆ ಎಲ್ಲೋ ನೆಟ್ಟಿದೆ. ಅಲ್ಲಿ ಅಕ್ಕ ಇದ್ದಿರಬೇಕು. ಅಪ್ಪ ಅವಳನ್ನು ನೋಡಿಯೇ ನಕ್ಕಿದ್ದರು. ಅದನ್ನು ಅವರ ಬಾಯಿಂದಲೇ ಹೇಳಿಯೂ ಇದ್ದರು. ಆ ಮಾತನ್ನು ಕತ್ತರಿಸಿ ಬಿಸಾಡಿ, ಬರೀ ನಗುವನ್ನು ತಂದು ಇಲ್ಲದ ಜಾಗಕ್ಕೆ ಅಂಟಿಸಿದವನು ನಾನು.

ಅಕ್ಕ ಇನ್ನೊಮ್ಮೆ ಹಾಕಿಸಿ ಕೇಳಿದಳು. ಮತ್ತೊಮ್ಮೆ ಕೇಳಿದಳು. ಅಳಲಿಲ್ಲ.

"ನೀನು ಸುಳ್ಳು ನಗು ತಂದು ಹಾಕಿದ್ದು ನೋಡಿ, ನಿಜವಾದ್ದು ಒಂದೂ ಇರ್ಲಿಲ್ಲ ಅಂದ್ಕೊಂಬುಟ್ಟೆ ಕಣೋ," ಅಂದಳು. "ಅದಕ್ಕೇ ಬರ್ಲಿಲ್ಲ. ಇದನ್ನ ಕೇಳ್ಸಿದ್ರೆ ಮಾರನೇ ದಿನಾನೇ ಬರ್ತಿದ್ದೆ."

ತಪ್ಪಾಯಿತು ಅಕ್ಕ ಎಂದೆ. ಅವಳು ಪರದೆಯಿಂದ ಕಣ್ಣು ಕೀಳದೆ, ಇನ್ನೊಂದು ಸಲ ಹಾಕು ಎಂದಳು.