ಅಡ್ಡ ಸಾಲುಗಳನ್ನು ಓದಿದವಳು

ಅಮೆರಿಕದ ಕೆರೊಲಿನಾದಲ್ಲಿರುವ ಡರ್ಹಮ್‌ನ ಒಂದು ಚಿಕ್ಕ ಪತ್ರಾಗಾರದಲ್ಲಿ ನಾನು ಎರಡು ವರ್ಷ ಬಿಟ್ಟಿ ಚಾಕರಿ ಮಾಡಿದ್ದೇನೆ. ಗಂಡನಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ. ನನ್ನ ವೀಸಾದಲ್ಲಿ ಸಂಬಳ ತೆಗೆದುಕೊಳ್ಳುವ ಹಾಗಿರಲಿಲ್ಲ, ಹಾಗಾಗಿ ವಾಲಂಟಿಯರ್. ಕೋವಿಡ್ ಇಳಿದು ಬಾಗಿಲು ತೆರೆದಾಗ ಅವರಿಗೆ ಜನ ಬೇಕಿತ್ತು, ನನಗೆ ಮನೆಯಿಂದ ಹೊರಗೆ ಬೀಳುವುದು ಬೇಕಿತ್ತು. ಹಳೆಯ ಕಾಲದಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದವರು ಊರಿಗೆ ಬರೆದ ಕಾಗದಗಳು ಹೇಗೋ ತಿರುಗಿ ಇಲ್ಲಿಗೆ ಬಂದು ಸೇರಿದ್ದವು. ಅವನ್ನು ಓದಿ ಟೈಪ್ ಮಾಡುವುದು ನಮ್ಮ ಕೆಲಸ.

ಅದರಲ್ಲಿ ಒಬ್ಬ ಮನೆಗೆಲಸದ ಹುಡುಗಿಯ ಕಾಗದವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಂಚೆ ಖರ್ಚು ಉಳಿಸಲು ಆ ಕಾಲದವರು ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಡ್ಡವಾಗಿ ಮತ್ತೆ ಬರೆಯುತ್ತಿದ್ದರು. ಮೊದಲ ನೋಟಕ್ಕೆ ಬರೀ ಮಸಿಯ ಜಾಲರಿ. ನನಗೆ ಇಂಥದ್ದು ಪೂರ್ತಿ ಹೊಸದಲ್ಲ. ಮೈಸೂರಿನ ನನ್ನ ಸೋದರತ್ತೆ ಇನ್‌ಲ್ಯಾಂಡ್ ಲೆಟರಿನ ಅಂಚು, ಮಡಿಕೆ, ಗೋಂದಿನ ಪಟ್ಟಿ ಒಂದನ್ನೂ ಬಿಡದೆ ಬರೆಯುತ್ತಿದ್ದಳು. ಅದನ್ನು ತಿರುಗಿಸಿ ತಿರುಗಿಸಿ ಮನೆಯವರಿಗೆಲ್ಲ ಓದಿ ಹೇಳಿದವಳು ನಾನೇ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಒಂದು ದಿಕ್ಕಿನ ಸಾಲುಗಳು ಮಸುಕಾಗಿ ಇನ್ನೊಂದು ದಿಕ್ಕಿನವು ಎದ್ದು ಕಾಣುತ್ತವೆ. ಆದರೂ ಆ ಒಂದು ಕಾಗದಕ್ಕೆ ನನಗೆ ಇಡೀ ಚಳಿಗಾಲ ಹಿಡಿಯಿತು.

ನೇರ ಸಾಲುಗಳಲ್ಲಿ ಎಲ್ಲವೂ ಸುಖ. ಯಜಮಾನಿ ಒಳ್ಳೆಯವಳು, ಹಾಸಿಗೆ ಬೆಚ್ಚಗಿದೆ, ಅಮ್ಮ ಚಿಂತೆ ಮಾಡಬಾರದು. ಅದು ಊರವರೆದುರು ಓದಲೆಂದು ಬರೆದದ್ದು. ಅಡ್ಡ ಸಾಲುಗಳು ತಂಗಿಯೊಬ್ಬಳಿಗೆ: ನಾಯಿಗೆ ಹಾಕಿ ಮಿಕ್ಕಿದ್ದೇ ನನಗೆ ಊಟ, ಪಾತ್ರೆ ಬೀಳಿಸಿದ್ದಕ್ಕೆ ಯಜಮಾನಿ ನನ್ನ ಕೈಯನ್ನು ಒಲೆಗೆ ಒತ್ತಿ ಹಿಡಿದಳು, ನೀನು ಮಾತ್ರ ಬರಬೇಡ. ಟೈಪ್ ಮಾಡಿ ಮುಗಿಸಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು. ಇದನ್ನು ನಾಲ್ಕು ಜನರೆದುರು ಓದಬೇಕು, ಅದೂ ನಾನೇ ಓದಬೇಕು ಅನ್ನಿಸಿತು.

ಮಾರ್ಚ್‌ನಲ್ಲಿ ಸಾರ್ವಜನಿಕ ವಾಚನವಿತ್ತು. ಆ ಕಾಗದ ನಿಮ್ಮದೇ ಎಂದು ಸಂಯೋಜಕಿ ಮಾತು ಕೊಟ್ಟಿದ್ದಳು. ಗಂಡ, ಮಗಳು ಬರಲೇಬೇಕೆಂದು ಹೇಳಿದೆ, ಕನ್ನಡ ಕೂಟದ ಆಂಟಿಯೊಬ್ಬರನ್ನೂ ಕರೆದೆ. ಸೀರೆಗೆ ಇಸ್ತ್ರಿಯೂ ಆಗಿತ್ತು. ಆಗ ಸಂಯೋಜಕಿ ನನ್ನನ್ನು ಕರೆದು, ಬಾಯ್ತುಂಬ ಹೊಗಳಿ, ಓದುವುದಕ್ಕೆ ಮಾತ್ರ ಐರ್ಲೆಂಡಿನ ಆ ಮಣ್ಣಿನ ದನಿಯೇ ಬೇಕು ಎಂದಳು. ಆ ಮಣ್ಣಿನ ದನಿಯೆಂದರೆ ಹುಟ್ಟಿದಾಗಿನಿಂದ ಕೆರೊಲಿನಾ ಬಿಟ್ಟು ಕದಲದ ಒಬ್ಬ ಹೆಂಗಸು. ಡಿಎನ್‌ಎ ಟೆಸ್ಟಿನಲ್ಲಿ ಐರಿಶ್ ಎಂದು ಬಂದಂದಿನಿಂದ ಹಸಿರು ಶಾಲು ಹೊದ್ದು ಓಡಾಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಹೋಗ್ಲಿ ಬಿಡು, ಫ್ರೀ ವರ್ಕ್ ತಾನೆ," ಅಂದರು ಗಂಡ. "ಅದಕ್ಯಾಕೆ ಇಷ್ಟು ಸೀರಿಯಸ್ ಆಗ್ತೀಯ?"

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಅಮ್ಮ, ಯು ಸೌಂಡ್ ಸೋ ಇಂಡಿಯನ್. ಜನ ನಗ್ತಾರೆ."

ಓದುವವರ ಫೋಲ್ಡರ್ ಜೋಡಿಸುವ ಕೆಲಸ ಮಾತ್ರ ನನ್ನ ಪಾಲಿಗೇ ಉಳಿಯಿತು. ಒಮ್ಮೆ ಓದಿ ನೋಡಿ ಎಂದು ಹಸಿರು ಶಾಲಿನವಳಿಗೆ ಹೇಳಿದೆ. ಅಭ್ಯಾಸ ಬೇಕಿಲ್ಲ, ಇದು ನನ್ನ ರಕ್ತದಲ್ಲೇ ಇದೆ ಎಂದಳು. ಸರಿ, ರಕ್ತವೇ ಓದಲಿ ಎಂದುಕೊಂಡು ಟೈಪ್ ಮಾಡಿದ ಹಾಳೆಯನ್ನು ತೆಗೆದು ಮೂಲ ಕಾಗದದ ನಕಲನ್ನಷ್ಟೇ ಇಟ್ಟೆ. ಹಾಗೆ ಮಾಡಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ವೇದಿಕೆಯ ಮೇಲೆ ಅವಳು ಫೋಲ್ಡರ್ ತೆರೆದಳು. ಪ್ರೀತಿಯ ಅಮ್ಮನಿಗೆ ಎನ್ನುವವರೆಗೆ ಸಲೀಸು. ಆಮೇಲೆ ಒಂದು ಪದ, ಅರ್ಧ ಪದ. ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ಅವಳ ಕುತ್ತಿಗೆ ಕೆಂಪಾಯಿತು, ನನ್ನ ಹೊಟ್ಟೆ ತಣ್ಣಗಾಯಿತು. ಕೊನೆಗೆ ಗಾಬರಿಯಿಂದ ಅವಳ ಕಣ್ಣಲ್ಲಿ ನೀರು ಬಂತು. ಕಾಗದವನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು, ಆಮೇಲೆ ಇನ್ಯಾರೋ. ನೋಡನೋಡುತ್ತಿದ್ದಂತೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಪಕ್ಕದಲ್ಲಿ ಕೂತಿದ್ದ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಮ್ಮ, ಓದ್ದೇನೇ ಅಳಿಸಿಬಿಟ್ರು. ಅವ್ರದ್ದೇ ಜನ ಅಲ್ವಾ, ಫೀಲ್ ಆಗತ್ತೆ. ನಾವು ಓದಿದ್ರೆ ಹೀಗೆ ಬರ್ತಿತ್ತಾ?"

ಅದಾದ ಮೇಲೆ ಸಂಯೋಜಕಿಗೆ ಹೊಸ ಜ್ಞಾನೋದಯವಾಯಿತು. ಆ ಕಾಗದಕ್ಕೆ ಮಾತಿಗಿಂತ ಮೌನವೇ ಸರಿ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಗೇ ಇಡೋಣ ಎಂದಳು. ಟೈಪ್ ಮಾಡಿದ್ದನ್ನು ಪಕ್ಕದಲ್ಲಿ ಇಡಿ ಎಂದು ಬೇಡಿಕೊಂಡೆ. ಜನ ಓದುವುದಲ್ಲ, ಅನುಭವಿಸಬೇಕು ಎಂದು ನನ್ನ ಬೆನ್ನು ತಟ್ಟಿದಳು. ಮುಂದಿನ ವರ್ಷದ ವಾಚನ ನಡೆಸಿಕೊಡುವ ಹೊಣೆ ಹಸಿರು ಶಾಲಿನವಳಿಗೆ ಹೋಯಿತು. ನಾನು ಕೆಲಸ ಬಿಟ್ಟೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ಮೊನ್ನೆ ಒಮ್ಮೆ ನೋಡಿ ಬರೋಣವೆಂದು ಹೋದೆ. ಹಸಿರು ಶಾಲಿನವಳು ಅಲ್ಲೇ ಇದ್ದಳು, ಬಂದವರಿಗೆ ಕಾಗದ ತೋರಿಸುತ್ತಿದ್ದಳು. ಕಸೂತಿಯ ಹಾಗಿದೆ, ಎಷ್ಟು ಚೆಂದ ಎನ್ನುತ್ತ ಗಾಜಿನ ಮೇಲೆ ಬೆರಳಿಟ್ಟಳು. ಬೆರಳಿನ ಕೆಳಗೆ ಒಲೆಯ ಸಾಲಿತ್ತು. ನನಗೆ ತಡೆಯಲಾಗಲಿಲ್ಲ. ಕೈ ಒಲೆಗೆ ಒತ್ತಿದ್ದು, ನಾಯಿಯ ಎಂಜಲು, ನೀನು ಮಾತ್ರ ಬರಬೇಡ, ಎಲ್ಲವನ್ನೂ ಅವಳ ಮುಖ ನೋಡುತ್ತ ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ನಿಮ್ಮ ಉಚ್ಚಾರಣೆ ನನಗೆ ಒಂದಿಷ್ಟೂ ತಿಳಿಯಲಿಲ್ಲ, ಕೇಳಲು ಮಾತ್ರ ಇಂಪಾಗಿತ್ತು ಎಂದಳು.