ವಿಷಲ್ ಕೊಟ್ಟು ಸೌಟು ಕಿತ್ತುಕೊಂಡೆ

ಸುಜಾತ, ಆ ವಿಷಲ್ ನಾನು ನಿನ್ನ ಯೋಗ್ಯತೆ ನೋಡಿ ಕೊಟ್ಟದ್ದಲ್ಲ. ಅಡುಗೆ ಒಲೆಯಿಂದ ನಿನ್ನನ್ನು ದೂರ ಇಡುವುದಕ್ಕೆ ಕೊಟ್ಟದ್ದು.

ಇಷ್ಟು ಬರೆದು, ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ನಿಜವೇ? ನಿಜ. ಪೂರ್ತಿ ನಿಜವೇ? ಅಲ್ಲಿ ತಡವರಿಸುತ್ತೇನೆ. ಏಕೆಂದರೆ ಯೋಗ್ಯತೆ ನಿನಗಿತ್ತು— ಆ ಕ್ಯಾಂಪಿನಲ್ಲಿ ಆ ವಿಷಲ್ಲಿಗೆ ನಿನಗಿಂತ ತಕ್ಕ ಹುಡುಗಿ ಇನ್ನೊಬ್ಬಳಿರಲಿಲ್ಲ. ತಕ್ಕವಳಿಗೇ ಸಿಕ್ಕಿತು, ಸಿಕ್ಕಿದ್ದು ಮಾತ್ರ ಕೆಟ್ಟ ಕಾರಣಕ್ಕೆ. ಇದನ್ನು ಬಹುಮಾನ ಎನ್ನಬೇಕೋ ಮೋಸ ಎನ್ನಬೇಕೋ— ಜೀವಮಾನವಿಡೀ ಮಕ್ಕಳ ಉತ್ತರಗಳಿಗೆ ಸರಿ, ತಪ್ಪು ಎಂದು ಗುರುತು ಹಾಕಿದ ನನಗೆ ಇದೊಂದಕ್ಕೆ ಯಾವ ಗುರುತು ಹಾಕಬೇಕೋ ಇವತ್ತಿಗೂ ತಿಳಿದಿಲ್ಲ.

ಹೋದ ವಾರ ನೀನು ಫೋನ್ ಮಾಡದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಟಿ. ನರಸೀಪುರದ ಶಾಲೆಯಲ್ಲಿ ಈಗ ನೀನೂ ಟೀಚರು, ನಾನು ನಿಮಗೆಲ್ಲ ಆಗಿದ್ದ ಹಾಗೆ ನಿನ್ನ ಹುಡುಗಿಯರಿಗೆ ಸ್ಕೌಟ್ಸ್-ಗೈಡ್ಸ್ ದಳದ ಗೈಡ್ ಕ್ಯಾಪ್ಟನ್. ತಲಕಾಡಿನ ಹತ್ತಿರ ಕ್ಯಾಂಪ್ ಇಟ್ಟುಕೊಂಡಿದ್ದೀಯ. ಪೋಷಕರ ಕಾಟ ಹೇಳಿಕೊಂಡು ನಗುತ್ತಿದ್ದೆ. "ಅಡ್ಗೆ ಕೇಟರಿಂಗ್‌ನೋರಿಗೆ ಕೊಟ್ಬಿಡಿ ಅಂತಾರೆ ಮಿಸ್. ಕ್ಯಾನ್ ನೀರು ತರಿಸ್ಬೇಕಂತೆ. ಹೊತ್ತೊತ್ತಿಗೂ ಗ್ರೂಪಿಗೆ ಫೋಟೋ ಹಾಕ್ಬೇಕಂತೆ. ಮಗಳು ಧೈರ್ಯವಂತೆ ಆಗ್ಬೇಕು, ಆದ್ರೆ ಕೈಗೆ ಮಸಿ ಮೆತ್ಕೋಬಾರ್ದು! ಹೆಂಗ್ ಮಿಸ್ ಇವ್ರ್ ಜೊತೆ ಏಗೋದು?" ನಾನೂ ನಕ್ಕೆ. ಮಕ್ಕಳೇ ಅಡುಗೆ ಮಾಡಲಿ, ಬಗ್ಗಬೇಡ ಎಂದು ದೊಡ್ಡ ಮಾತು ಬೇರೆ ಆಡಿದೆ.

ಆಗ ನೀನು ಕೇಳಿದೆ. "ನಮ್ ಕ್ಯಾಂಪಲ್ಲಿ ಇಂಥದ್ದೇನೂ ಇರ್ಲಿಲ್ಲ ಅಲ್ವಾ ಮಿಸ್? ನಾನೇನೋ ವಿಷಲ್ ಹಾಕ್ಕೊಂಡು ಮೆರೀತಿದ್ದೆ. ಮಿಕ್ಕೋರೆಲ್ಲ ಯಾವ ಭೇದಾನೂ ಇಲ್ದೆ ಅಡ್ಗೆ ಮಾಡಿದ್ರು. ಯಾರಪ್ಪ ಅಮ್ಮನೂ ತಕರಾರು ತೆಗೀಲಿಲ್ಲ, ಅಲ್ವಾ?"

"ಹೂಂ ಕಣಮ್ಮ" ಎಂದೆ.

ನೋಡು, ಎಷ್ಟು ಸಲೀಸಾಗಿ ಬಂತು. ಹಳೆಯ ಸುಳ್ಳಿಗೆ ಹೊಸದೊಂದು ಸುಳ್ಳಿನ ತೇಪೆ. ಅಷ್ಟಕ್ಕೇ ಮುಗಿದಿದ್ದರೂ ನಾನು ಸುಮ್ಮನಿದ್ದುಬಿಡುತ್ತಿದ್ದೆನೇನೋ. ಆದರೆ ನೀನು ಮುಂದುವರಿಸಿದೆ— "ನಮ್ಮಲ್ಲೂ ನಿಮ್ ಪದ್ಧತೀನೇ ಮಿಸ್. ಕ್ಯಾಂಪ್ ಲೀಡರ್ ಆದೋಳು ಒಲೆ ಮುಟ್ಟೋ ಹಂಗಿಲ್ಲ. ಹುಡ್ಗೀರು ಯಾಕೆ ಅಂತ ಕೇಳಿದ್ರೆ, ಇದು ನಮ್ ಮಿಸ್ ಕಾಲದಿಂದ ಬಂದಿರೋ ನಿಯಮ ಅಂತೀನಿ."

ಆ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಸುಜಾತ. ನಿನಗೊಬ್ಬಳಿಗೋಸ್ಕರ, ನಿಂತ ಕಾಲಲ್ಲಿ, ನಾನು ಹುಟ್ಟಿಸಿದ್ದು. ಅದನ್ನು ನೀನು ಪದ್ಧತಿ ಮಾಡಿಕೊಂಡಿದ್ದೀಯ, ನಿನ್ನ ಹುಡುಗಿಯರು ನಾಳೆ ಅವರ ಹುಡುಗಿಯರಿಗೆ ದಾಟಿಸುತ್ತಾರೆ. ನಮ್ಮ ಹಿರಿಯರ ಎಷ್ಟೋ ಪದ್ಧತಿಗಳೂ ಹೀಗೆಯೇ ಹುಟ್ಟಿದವೋ ಏನೋ— ಯಾರದೋ ಸಣ್ಣತನ, ಅದಕ್ಕೊಂದು ಚಂದದ ಹೆಸರು.

ನಿನಗೆ ಗೊತ್ತಿರುವುದನ್ನೇ ಈಗ ಮೊದಲಿಂದ ಹೇಳುತ್ತೇನೆ. ಸಾಲಾಗಿ ಹೇಳದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ನೀನು ಹೆಡತಲೆಯಿಂದ ನಂಜನಗೂಡಿಗೆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಗೈಡ್ಸ್‌ಗೆ ಸೇರಿಸಲು ನಿಮ್ಮಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದರು. ನಿಮ್ಮ ಮನೆಯಲ್ಲಿ ಬುದ್ಧನ ಪಟವಿದೆ ಎಂದು ಮೊದಲೇ ಹೇಳಿದರು, ನಾನು ಕೇಳದೆಯೇ. "ಬುದ್ದಂಗೆ ಪಾಯ್ಸ ಕೊಟ್ಟೋಳ ಎಸ್ರು ಮಿಸ್ ಇದು, ಸುಜಾತ ಅನ್ನೋದು. ಎಸ್ರಿಗೆ ತಕ್ಕಂಗೆ ನಾಕ್ ಜನಕ್ಕೆ ಉಪ್ಕಾರ ಆಗೋ ಅಂಗೆ ಬೆಳೀಲಿ" ಎಂದರು. ಎಷ್ಟು ಒಳ್ಳೆಯ ಮಾತು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದವಳು ನಾನು.

ನಮ್ಮ ಹೆಡ್‌ಮಾಸ್ಟರಿಗೆ ಗೈಡ್ಸ್ ಎಂದರೆ ಆಗಸ್ಟ್ ಹದಿನೈದರ ಪೆರೇಡು. ಊರಿನ ತಾಯಂದಿರಿಗೆ, ಸರ್ಟಿಫಿಕೇಟು ಸಿಗುತ್ತದಂತೆ ಎಂಬ ಆಸೆ, ಹೆಣ್ಣುಮಕ್ಕಳು ರಾತ್ರಿ ಹೊರಗಿರುತ್ತಾರಲ್ಲ ಎಂಬ ಅಂಜಿಕೆ. ನನಗೆ ಮಾತ್ರ ಅದೊಂದು ಹುಚ್ಚು. ಸ್ಕಾರ್ಫ್ ಕಟ್ಟಿಕೊಂಡ ಹುಡುಗಿಯರು ಟೆಂಟು ತಾವೇ ಹೊಡೆಯಬೇಕು, ಸೌದೆ ತಾವೇ ತರಬೇಕು, ಬೇಯಿಸಿ ತಾವೇ ಉಣ್ಣಬೇಕು. ದೊಡ್ಡವರು ಒಲೆಯ ಕಡೆ ತಲೆ ಹಾಕಬಾರದು. ಅದು ನಿಜವಾದ ನಿಯಮ. ಕ್ಯಾಂಪಿನಲ್ಲಿ ದಿನಾ ಬೆಳಿಗ್ಗೆ ಸರ್ವಧರ್ಮ ಪ್ರಾರ್ಥನೆ ಹೇಳಿಸುತ್ತಿದ್ದವಳೂ ನಾನೇ. ಮಠಕ್ಕೆ ನಡೆದುಕೊಳ್ಳುವ ಮನೆಯವಳು, ಎಲ್ಲರೂ ಒಂದೇ ಎನ್ನುವ ಮಾತು ಉಗ್ಗು ಕುಡಿದಾಗಿನಿಂದ ಕೇಳಿದವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ— ನನ್ನಂಥವರನ್ನು ನೋಡಿಯೇ ಎಂದಿರಬೇಕು.

ಆ ವರ್ಷ ಹೆಮ್ಮಿಗೆಯ ಹತ್ತಿರ ಮಾವಿನ ತೋಪಿನಲ್ಲಿ ಕ್ಯಾಂಪು. ಅಡುಗೆ ಬ್ಯಾಡ್ಜಿಗೆ ಪಾತ್ರೆಯಿಲ್ಲದೆ ಅಡುಗೆ ಮಾಡುವ ಪರೀಕ್ಷೆಯಿತ್ತು. ನಿಮ್ಮ ಮಲ್ಲಿಗೆ ತಂಡಕ್ಕೆ ನೀನೇ ಅಡುಗೆಯವಳೆಂದು ತಂಡದವರೇ ಆರಿಸಿದ್ದರು. ಹೊರಡುವ ಮುಂಚಿನ ದಿನ ನನ್ನ ಹತ್ತಿರ ಓಡಿ ಬಂದು, ಮುತ್ತುಗದ ಎಲೆಯಲ್ಲಿ ರಾಗಿಹಿಟ್ಟು ತಟ್ಟಿ ಕೆಂಡದಲ್ಲಿ ಸುಡುವುದನ್ನು ಅವ್ವನ ಹತ್ತಿರ ಕಲಿತೆ ಎಂದೆ. "ಮೊದ್ಲು ಎರಡು ಸಲ ಸೀದೋಯ್ತು ಮಿಸ್, ಆಮೇಲೆ ಸರಿಯಾಗಿ ಬಂತು" ಎಂದು ಬೆರಳಿನ ಬೊಬ್ಬೆ ತೋರಿಸಿದೆ. ನಾನು ಬೆನ್ನು ತಟ್ಟಿದೆ. ಸುಳ್ಳಿಗೆ ತಟ್ಟಿದ್ದಲ್ಲ— ಆಗಿನ್ನೂ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಥವಾ ಇತ್ತೋ, ಕೆದಕುವವರು ಬಂದಿರಲಿಲ್ಲವೋ.

ಬೆಳಿಗ್ಗೆ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನೆಲ್ಲ ಹತ್ತಿಸುತ್ತಿದ್ದೆ. ನಿನ್ನ ತಂಡದ ಕಾವ್ಯ ನೆನಪಿದ್ದಾಳಲ್ಲ— ಅವಳ ತಾಯಿ ಸರ್ವಮಂಗಳಮ್ಮ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರು, ನಮ್ಮ ಜನವೇ, ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರು.

"ಮಿಸ್, ಅಡ್ಗೆ ಯಾರ್ ಮಾಡ್ತಾರೆ?"

"ಮಕ್ಕಳೇ."

"ಅಲ್ಲ... ಒಲೆ ಅತ್ರ ಯಾರ್ ಕೂತ್ಕತಾರೆ ಅಂತ. ನಾ ಬಿಡ್ಸಿ ಯೋಳಕಾಗಲ್ಲ. ನಿಮ್ಗೇ ಗೊತ್ತಾಯ್ತದಲ್ಲ ಮಿಸ್."

"ಗೊತ್ತಾಯ್ತು. ನಾನು ನೋಡ್ಕೋತೀನಿ ಬಿಡಿ" ಎಂದೆ.

ನನಗೆ ನಿಜವಾಗಿಯೂ ಗೊತ್ತಾಗಿತ್ತು— ಹಾಗಂದುಕೊಂಡೆ. ನಮ್ಮವರು ನಮ್ಮವರನ್ನು ಹೀಗೆ ಪಕ್ಕಕ್ಕೆ ಕರೆದು ಕೇಳುವುದು ಇನ್ನೇನನ್ನು, ಜಾತಿಯನ್ನಲ್ಲದೆ? ಬಸ್ಸಿನಲ್ಲಿ ಅದೇ ಯೋಚನೆ. ಆಯಮ್ಮನ ಮೇಲೆ ಕೋಪ ಬಂತು. ಈ ಕಾಲದಲ್ಲೂ ಹೀಗೆ ಕೇಳುತ್ತಾರಲ್ಲ ಎಂದು ಹಲ್ಲು ಕಡಿದೆ. ಮರುಗಳಿಗೆಗೆ ಲೆಕ್ಕಾಚಾರ: ಇವರು ಮಗಳನ್ನು ಬಿಡಿಸಿಕೊಂಡರೆ ಇವರ ಹಿಂದೆ ನಾಲ್ಕು ಜನ ಬಿಡಿಸಿಕೊಳ್ಳುತ್ತಾರೆ, ಕಷ್ಟಪಟ್ಟು ಕಟ್ಟಿದ ದಳ ಮುಚ್ಚಿಹೋಗುತ್ತದೆ. ನಿನಗೂ ನೋವಾಗಬಾರದು, ಅವರಿಗೂ ಬೇಸರವಾಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಮ್ಮಿಗೆ ಬರುವಷ್ಟರಲ್ಲಿ ಉಪಾಯ ಹೊಳೆಯಿತು. ಹೊಳೆದಾಗ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ಈಗ ಮೈ ಉರಿಯುತ್ತದೆ.

ತೋಪಿನಲ್ಲಿ ಎಲ್ಲರನ್ನೂ ಕುದುರೆಲಾಳದಾಕಾರಕ್ಕೆ ನಿಲ್ಲಿಸಿ ನಿನ್ನನ್ನು ಮುಂದೆ ಕರೆದೆ. ನನ್ನ ಕೊರಳಿನ ವಿಷಲ್ ತೆಗೆದು ನಿನಗೆ ಹಾಕಿ, "ಇನ್ಮೇಲೆ ಇಡೀ ಕ್ಯಾಂಪ್ ನಿನ್ ಕೈಲಿ. ಕ್ಯಾಂಪ್ ಲೀಡರ್ ಒಲೆ ಮುಟ್ಟಬಾರದು, ಎಲ್ಲಾ ಕಡೆ ಕಣ್ಣಿಟ್ಟಿರಬೇಕು" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನು ಕಣ್ಣಲ್ಲಿ ನೀರು ತುಂಬಿಕೊಂಡು ಎಡಗೈ ಮುಂದೆ ಚಾಚಿದೆ— ನಮ್ಮ ಗೈಡ್ಸ್‌ನಲ್ಲಿ ಕೈ ಕುಲುಕುವುದು ಎಡಗೈಯಲ್ಲಿ ತಾನೇ, ನಂಬಿಕೆಯ ಗುರುತು. ನಾನೂ ಎಡಗೈ ಕೊಟ್ಟೆ. ನಿನ್ನ ಬೊಬ್ಬೆ ಇನ್ನೂ ಆರಿರಲಿಲ್ಲ, ಅಂಗೈಗೆ ತಗುಲಿತು.

"ಮಿಸ್, ರೊಟ್ಟಿ ಪರೀಕ್ಷೆ?" ಎಂದು ಮೆಲ್ಲಗೆ ಕೇಳಿದೆ.

"ನೀನು ಪಾಸ್ ಅಂತಲೇ ತಿಳ್ಕೋ."

ಕೊನೆಯ ದಿನ ಅಡುಗೆ ಬ್ಯಾಡ್ಜನ್ನೂ ಕೊಟ್ಟೆ. ಕಡ್ಡಿ ಗೀರದ ಹುಡುಗಿಗೆ ಅಡುಗೆಯ ಬ್ಯಾಡ್ಜು. ನೀನು ಬೇಡವೆನ್ನಲಿಲ್ಲ, ಆದರೆ ಅದನ್ನು ನೋಡುತ್ತಾ ತುಸು ಹೊತ್ತು ನಿಂತೆ. ನಿಂತದ್ದು ನನಗೆ ಕಂಡಿತು. ಕಾಣದವಳ ಹಾಗೆ ಟೆಂಟಿನ ಹಗ್ಗ ಬಿಚ್ಚಿದೆ.

ಆ ದಿನಗಳಲ್ಲಿ ನೀನು ಕ್ಯಾಂಪ್ ನಡೆಸಿದ ಚಂದವನ್ನು ಮರೆಯಲಾರೆ. ನಿನ್ನ ವಿಷಲ್ ಕೇಳಿದರೆ ಹೊಳೆ ದಂಡೆಯಲ್ಲಿದ್ದವರೂ ಓಡಿ ಬರುತ್ತಿದ್ದರು. ಊಟಕ್ಕೆ ಕರೆಯುತ್ತಿದ್ದವಳೂ ನೀನೇ— ನೀನು ಮುಟ್ಟಬಾರದೆಂದು ನಾನು ಏರ್ಪಾಡು ಮಾಡಿದ್ದ ಊಟಕ್ಕೆ. ನಿನ್ನ ಜಾಗದಲ್ಲಿ ಒಲೆಯ ಮುಂದೆ ಯಾರನ್ನು ಕೂರಿಸಿದೆ ಗೊತ್ತೇ? ಕಾವ್ಯಳನ್ನು. ಮಗಳ ಕೈ ಅಡುಗೆ ಎಂದರೆ ತಾಯಿಗೆ ನೆಮ್ಮದಿಯಾಗಲಿ ಎಂದು.

ಆಮೇಲಿನ ವರ್ಷಗಳಲ್ಲಿ ಇದೆಲ್ಲ ನೆನಪಾದಾಗ ನನಗೊಂದು ಆಸರೆಯಿತ್ತು: ನಾನಾಗಿ ಮಾಡಿದ್ದಲ್ಲ, ಕೇಳಿದವರು ಬೇರೆ. ನಿನ್ನ ಫೋನ್ ಬಂದ ಮೇಲೆ ಆ ಆಸರೆ ಗಟ್ಟಿಯಿದೆಯೇ ನೋಡೋಣವೆನಿಸಿತು. ಬಿಡಿಸಿ ಹೇಳಿದರೆ— ತಪ್ಪಿನಲ್ಲಿ ಪಾಲು ಹಂಚಿಕೊಳ್ಳುವವರು ಬೇಕಾಗಿತ್ತು. ಸರ್ವಮಂಗಳಮ್ಮನ ಅಂಗಡಿಗೆ ಹೋದೆ. ಗಿರಾಕಿ ಹೋಗುವ ತನಕ ಕಾದು ಕೇಳಿದೆ, ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಹಾಗೇಕೆ ಕೇಳಿದಿರಿ ಎಂದು.

ಅವರು ಸೀರೆ ಮಡಿಸುವುದನ್ನು ನಿಲ್ಲಿಸಿದರು. "ಅಯ್ಯೋ ಅದಾ ಮಿಸ್? ನಮ್ ಕಾವ್ಯಂಗೆ ಆಗ ಪಿಟ್ಸ್ ಬತ್ತಿತ್ತು. ಒಲೆ ಮುಂದೆ ಕೂತಾಗ ಬಂದ್ಬುಟ್ರೆ ಏನ್ ಗತಿ ಅಂತ ಬಯ. ಬಾಯ್ಬಿಟ್ಟು ಯೋಳಕೆ ಎದ್ರಿಕೆ, ಎಣ್ಮಗು, ನಾಳೆ ಮದ್ವೆ ಆಗ್ಬೇಕಲ್ಲ. ಅದ್ಕೇ ಅಂಗೆ ಗುಟ್ಟಾಗಿ ಕೇಳ್ದೆ. ಗೊತ್ತಾಯ್ತು ಅಂದ್ರಲ್ಲ ನೀವು? ಅವ್ಳು ಬಂದು ನಾನೇ ಅಡ್ಗೆ ಮಾಡ್ದೆ ಅಂದಾಗ ನನ್ ಎದೆ ದಸಕ್ ಅಂತು ಮಿಸ್. ಮಿಸ್ ಯಾಕಿಂಗ್ ಮಾಡಿದ್ರು ಅಂತ ಬೋ ಬೇಜಾರಾಯ್ತು. ಓಗ್ಲಿ ಬುಡಿ, ಸಿವ ಕಾಪಾಡ್ದ. ಈಗ ಗುಳಿಗೆ ತಗೊಂಡು ಚೆಂದಾಗವ್ಳೆ."

ಕೂರಲು ಸ್ಟೂಲು ಕೊಟ್ಟರು. ಕಾಫಿ ತರಿಸಿದರು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಅವರು ಬೇಡಿಕೊಂಡದ್ದು ಒಂದೇ: ನನ್ನ ಮಗಳನ್ನು ಬೆಂಕಿಯ ಹತ್ತಿರ ಬಿಡಬೇಡಿ. ನಾನು ಮಾಡಿದ್ದು: ಬೆಂಕಿಯ ಮುಂದೆ ತಕ್ಕವಳಾಗಿದ್ದ ನಿನ್ನನ್ನು ಎಬ್ಬಿಸಿ ಮೂರ್ಛೆ ಬರುತ್ತಿದ್ದ ಆ ಮಗುವನ್ನೇ ಕೂರಿಸಿದ್ದು. ಅವತ್ತು ಏನೂ ಆಗಲಿಲ್ಲ ಎನ್ನುವುದು ನನ್ನ ಪುಣ್ಯವೂ ಅಲ್ಲ, ಎಚ್ಚರವೂ ಅಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಿರಲೂ ಇಲ್ಲ.

ದಾರಿಯಲ್ಲಿ ಬರುತ್ತಾ ಇನ್ನೊಂದು ಅನುಮಾನ ತಲೆಯೆತ್ತಿತು: ಆಯಮ್ಮ ಈಗ ಹೇಳಿದ್ದು ನಿಜವೋ, ಈಗಿನ ಕಾಲಕ್ಕೆ ಒಪ್ಪುವಂತೆ ಹೊಂದಿಸಿಕೊಂಡದ್ದೋ? ನೋಡಿದೆಯಾ, ಮತ್ತೆ ಅದೇ ಚಾಳಿ. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನೇ ಬರೆದುಕೊಳ್ಳುವುದು. ಅವರೇನು ಕೇಳಿದ್ದರೂ, ಇಲ್ಲ ಎನ್ನಲು ನನಗೆ ಬಾಯಿರಲಿಲ್ಲವೇ?

ಈಗ ಹೇಳುವುದೋ ಬೇಡವೋ ಎಂಬುದು ನನ್ನನ್ನು ತಿನ್ನುತ್ತಿದೆ. ಆ ವಿಷಲ್ಲಿನ ಮೇಲೆ ನೀನು ನಿನ್ನನ್ನು ಕಟ್ಟಿಕೊಂಡಿದ್ದೀಯ. ಟೀಚರ್ ಆಗಬೇಕೆನಿಸಿದ್ದು ಅವತ್ತೇ ಎನ್ನುತ್ತೀಯ, ಪ್ರತಿ ಹೊಸ ದಳಕ್ಕೂ ಆ ಕತೆ ಹೇಳುತ್ತೀಯ. ಹೇಳಿದರೆ ಅದನ್ನೂ ಕಿತ್ತುಕೊಂಡ ಹಾಗೆ— ಮೊದಲು ಸೌಟು, ಈಗ ವಿಷಲ್. ಹೇಳದಿದ್ದರೆ ನಿನ್ನ ಹುಡುಗಿಯರು ನನ್ನ ಸಣ್ಣತನವನ್ನು ನಿಯಮವೆಂದು ಪಾಲಿಸುತ್ತಾರೆ. ಯಾವುದು ಕಡಿಮೆ ಕೆಟ್ಟದ್ದು ಎಂದು ತೂಗಿ ತೂಗಿ ಸೋತೆ. ನಿನಗೆ ಏನನ್ನು ತಿಳಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಲು ಮತ್ತೆ ನಾನು ಯಾರು? ಆ ಕೆಲಸ ಒಮ್ಮೆ ಮಾಡಿದ್ದೇ ಸಾಕು.

ಕ್ಯಾಂಪಿಗೆ ಮುಂಚೆ, ಈ ಭಾನುವಾರ, ನರಸೀಪುರದ ಬಸ್ಸು ಹತ್ತುತ್ತೇನೆ. ಇದನ್ನು ನಿನ್ನೆದುರು ಬಾಯಿಬಿಟ್ಟೇ ಹೇಳಬೇಕು. ಬರೆದದ್ದು ಬರೀ ಅಭ್ಯಾಸಕ್ಕೆ. ನೀನು ಬಯ್ಯುವೆಯೋ, ಸುಮ್ಮನೆ ಬಾಗಿಲು ಹಾಕಿಕೊಳ್ಳುವೆಯೋ ಗೊತ್ತಿಲ್ಲ. ಆದರೆ ಒಂದು ಪ್ರಶ್ನೆಯನ್ನಂತೂ ಕೇಳೇ ಕೇಳುತ್ತೀಯ. ನೀನು ಇನ್ನೂ ನನ್ನ ಪರವಾಗಿಯೇ ಕಾರಣ ಹುಡುಕುವವಳು. "ಹಂಗ್ ಮಾಡಿ ಅಂತ ನಿಮ್ಗೆ ಯಾರ್ ಹೇಳಿದ್ರು ಮಿಸ್?" ಎನ್ನುತ್ತೀಯ.

ಯಾರೂ ಹೇಳಲಿಲ್ಲ, ಸುಜಾತ. ನನಗೆ ಯಾರೂ ಹೇಳಲಿಲ್ಲ.