ಅಂಬಲಿಗೆ ಮುಂಚೆ ಒಂದು ಗುಳಿಗೆ

ಕಳೆದ ವಾರ ಕನಕಪುರದಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಮನುಷ್ಯರ ಬದಲು ಒಂದು ಹಿಪ್ಪುನೇರಳೆ ಸೊಪ್ಪಿನ ಹೊರೆ ಬಂದು ಕೂತಿತು. ಒದ್ದೆ ಗೋಣಿತಾಟು, ಒಳಗೆ ಹಸಿ ಎಲೆ. ಆ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ವಿವರಿಸುವುದು ಕಷ್ಟ. ನಾನು ಒಂದು ಹೋಲಿಕೆ ಕೊಟ್ಟರೂ ನನ್ನ ಹಳೆಯ ಸುದ್ದಿ ಸಂಪಾದಕರಾಗಿದ್ದರೆ ಅದನ್ನು ಹೊಡೆದುಹಾಕುತ್ತಿದ್ದರು. ನನಗಂತೂ ಅದರಿಂದ ನೆನಪಾದದ್ದು ತಾಯಕ್ಕನ ಬೆರಳುಗಳು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ವರದಿಗಾರನಾಗಿ ಬಂದಿದ್ದ ನಾನು ಹಾರೋಹಳ್ಳಿ ಹತ್ತಿರದ ಊರೊಂದರಲ್ಲಿ ತಾಯಕ್ಕ, ಶಿವಣ್ಣ ದಂಪತಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸುತ್ತಲ ಹೊಲಗಳಲ್ಲಿ ಕಾರ್ಖಾನೆಯ ಷೆಡ್ಡುಗಳು ಏಳುತ್ತಿದ್ದವು. ಬೆಳಿಗ್ಗೆ ಕಂಪನಿ ಬಸ್ಸು ಹಾರ್ನ್ ಹೊಡೆದರೆ, ಮೊನ್ನೆ ಮೊನ್ನೆಯವರೆಗೆ ಕೂಲಿಗೆ ಬರುತ್ತಿದ್ದ ಹೆಂಗಸರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಹೊರಟುಬಿಡುತ್ತಿದ್ದರು. ರೇಷ್ಮೆ ಸಾಕುವ ತಾಯಕ್ಕನ ಹುಳುಮನೆಗೆ ಉಳಿದದ್ದು ಗಂಡಹೆಂಡಿರ ನಾಲ್ಕು ಕೈ ಮಾತ್ರ.

ಅಷ್ಟರಲ್ಲಿ ತಾಯಕ್ಕನ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ರೇಷ್ಮೆಹುಳ ಹಣ್ಣಾಗಿ ಮೈ ಹೊಳೆಯತೊಡಗಿದಾಗ ಒಂದೊಂದನ್ನೇ ಬೆರಳಲ್ಲಿ ಎತ್ತಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಹಾಳು, ಹಿಡಿತ ಬಿಗಿಯಾದರೆ ಹುಳ ಹಾಳು. ತಾಯಕ್ಕ ಎತ್ತಿದ ಹುಳಗಳು ಒಡೆದುಹೋಗುತ್ತಿದ್ದವು.

"ಹುಳ ನಾಲ್ಕೇ ಜ್ವರಕ್ಕೆ ಎದ್ಬುಡ್ತದೆ. ನಂದು ಎಷ್ಟನೇ ಜ್ವರ ಪೇಪರಪ್ಪಾ?" ಎಂದು ಕೇಳಿದಳು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ಪೇಪರಪ್ಪ ನಾನೇ.

ಶಿವಣ್ಣ ಮಾತ್ರ ನಗಲಿಲ್ಲ. "ಈ ಬೆಳೆ ಎದ್ಮೇಲೆ ಹುಳುಮನೆಗೆ ಬೀಗ ಹಾಕ್ಬುಟ್ಟು ನಾನೂ ಕಂಪನಿ ಗೇಟ್ ಕಾಯಕ್ಕೆ ಕೂತ್ಕತೀನಿ," ಎಂದ.

"ನಾನ್ ಸತ್ ಮ್ಯಾಕೆ ಕೂತ್ಕ ಹೋಗು," ಎಂದಳು ತಾಯಕ್ಕ.

ಬೆಂಗಳೂರಿನ ವೈದ್ಯರ ಬಳಿಗೆ ಜೊತೆಗೆ ಹೋದವನು ನಾನೇ. ಅದು ಆಮವಾತ, ಮೈಯನ್ನು ಕಾಯಬೇಕಾದ ಶಕ್ತಿ ತನ್ನದೇ ಕೀಲುಗಳ ಮೇಲೆ ಬಿದ್ದಿದೆ ಎಂದರು. ರೂಢಿಯ ಔಷಧ ಅವಳ ಯಕೃತ್ತಿಗೆ ಒಗ್ಗಲಿಲ್ಲ. ಆಗ ಅವರು ಸೋಂಕಿಗೆ ಕೊಡುವ ಟೆಟ್ರಾಸೈಕ್ಲಿನ್ ಕುಲದ ಒಂದು ಗುಳಿಗೆ ಬರೆದರು. "ಎಲ್ಲರಿಗೂ ಹಿಡಿಯಲ್ಲ. ಅನೇಕ ವೈದ್ಯರು ಒಪ್ಪೋದೂ ಇಲ್ಲ. ಕೆಲವರಿಗೆ ಹಿಡಿದಿದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ತಿಂಗಳುಗಟ್ಟಲೆ ಕಾಯಬೇಕು," ಎಂದರು. ಗೊತ್ತಿಲ್ಲ ಎಂದು ಅಷ್ಟು ನೆಮ್ಮದಿಯಾಗಿ ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಹುಳಕ್ಕೂ ಹಿಂಗೇ ಮದ್ದು ಕೊಡ್ತೀವಿ. ನಂಗೂ ಕೊಟ್ಟವ್ರೆ, ಬುಡು," ಎಂದು ತಾಯಕ್ಕ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಓದಿ ಹೇಳುವ ಕೆಲಸ ನನ್ನದಾಯಿತು. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಬುಡದಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದೆಲ್ಲ ಮೇಲೆಯೇ ಇರುತ್ತದೆ ಎಂಬುದು ನಮ್ಮ ನಂಬಿಕೆ. ಚೀಟಿಯ ಅರ್ಧ ಓದಿ ಮಡಚಿಟ್ಟೆ. ಸಾಲದ್ದಕ್ಕೆ, ಗುಳಿಗೆ ಉಷ್ಣ, ತಂಪು ಬೇಕಲ್ಲವೇ ಎಂದು ಅವಳು ಕೇಳಿದಾಗ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯ ಜೊತೆ ನುಂಗು ಎಂದೂ ಹೇಳಿದೆ. ದಿನಾ ಬೆಳಿಗ್ಗೆ ಅವಳು ಹಾಗೆಯೇ ನುಂಗಿದಳು.

ನಾಲ್ಕು ತಿಂಗಳಾದರೂ ಏನೂ ಆಗಲಿಲ್ಲ. ಬೆರಳು ಹಾಗೆಯೇ ಇದ್ದವು. ಶಿವಣ್ಣ ಹೊಸ ಬೀಗವನ್ನೂ ತಂದಿಟ್ಟ. ಮತ್ತೆ ವೈದ್ಯರ ಬಳಿಗೆ ಹೋದಾಗ ಅವರು, "ಗುಳಿಗೆ ಯಾವುದರ ಜೊತೆ ತಗೋತೀರಮ್ಮ?" ಎಂದರು. ಅವಳು ಹೆಮ್ಮೆಯಿಂದ ಹೇಳಿದಳು. ವೈದ್ಯರು ಪೆನ್ನು ಕೆಳಗಿಟ್ಟರು. ರಾಗಿಯಲ್ಲಿ, ಮಜ್ಜಿಗೆಯಲ್ಲಿ ಇರುವ ಸುಣ್ಣದಂಶ ಈ ಗುಳಿಗೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದಂತೆ. ಚೀಟಿಯ ಕೊನೆಯ ಸಾಲುಗಳಲ್ಲಿ ಅದೇ ಇತ್ತು.

ಊರಿಗೆ ಮರಳುವ ಬಸ್ಸಿನಲ್ಲಿ ನಾನು ತಲೆ ಎತ್ತಲಿಲ್ಲ. ತಾಯಕ್ಕನೇ ಮಾತು ತೆಗೆದಳು. "ನಿಮ್ ಪೇಪರ್‌ನಾಗೂ ಹಿಂಗೇ ಅರ್ಧ ಬರೀತೀರೇನಪ್ಪ?"

ಮಾರನೆಯ ದಿನದಿಂದ ಮೊದಲು ನೀರಿನಲ್ಲಿ ಗುಳಿಗೆ, ಎರಡು ತಾಸು ಕಳೆದು ಅಂಬಲಿ. ಎಲೆ ಅಡಿಕೆಯ ಸುಣ್ಣವೂ ಆಮೇಲೆಯೇ. ಮೂರನೇ ತಿಂಗಳಿಗೆ ಬೆಳಗಿನ ಬಿಗಿ ಒಸಿ ಸಡಿಲವಾಯಿತೆಂದಳು. ಆಸೆಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಆರನೇ ತಿಂಗಳಲ್ಲಿ ಹುಳ ಹಣ್ಣಾದವು.

ಹುಳಕ್ಕೆ ಸೋಂಕು ತಗಲದಿರಲೆಂದು ಬ್ಲೀಚಿಂಗ್ ಪುಡಿಯ ನೀರಲ್ಲಿ ಕೈಕಾಲು ತೊಳೆದು ನಾನು ಬಾಗಿಲಲ್ಲಿ ನಿಂತೆ. ತಾಯಕ್ಕ ಹುಳದ ತಟ್ಟೆಯ ಮೇಲೆ ಬಾಗಿ ಒಂದು ಹುಳವನ್ನು ಹೆಬ್ಬೆರಳು, ತೋರುಬೆರಳ ನಡುವೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹುಳದ ಮೈ ಹೊಂಬಣ್ಣಕ್ಕೆ ತಿರುಗಿ ಪಾರದರ್ಶಕವಾಗಿತ್ತು. ಅದು ತಲೆಯಾಡಿಸಿತು. ಅವಳು ಅದನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಳು. ಆಮೇಲೆ ಮತ್ತೊಂದು. ಒಂದೂ ಒಡೆಯಲಿಲ್ಲ. ಶಿವಣ್ಣ ತನ್ನ ತಟ್ಟೆ ಬಿಟ್ಟು ಅವಳ ಕೈಯನ್ನೇ ನೋಡುತ್ತ ನಿಂತುಬಿಟ್ಟ.

"ನನ್ ಕೈ ಏನ್ ನೋಡೀಯೆ, ನಿನ್ ಹುಳ ನೋಡು!" ಎಂದು ಗದರಿದಳು.

ಆ ಸುದ್ದಿಯನ್ನು ನಾನು ಬರೆಯಲಿಲ್ಲ. ಅಂಬಲಿಯನ್ನು ಹಿಂದೆ ಸರಿಸಿದ್ದಕ್ಕೆ ಹೀಗಾಯಿತೋ, ಕಾಲ ತಾನಾಗಿ ಕೂಡಿಬಂತೋ, ನನಗೆ ಗೊತ್ತಿಲ್ಲ. ಒಬ್ಬಳ ಕೈ ಎಲ್ಲರಿಗೂ ಸಾಕ್ಷಿಯಾಗದು. ಆದರೆ ನಾನು ನೋಡಿದ್ದನ್ನು ನೋಡಿದೆ.

ಕಳೆದ ವಾರ ಟಿಕೆಟ್ ಬೆಂಗಳೂರಿಗಿದ್ದರೂ ತಾಯಕ್ಕನ ಊರಿನಲ್ಲೇ ಇಳಿದೆ. ಜಗಲಿಯಲ್ಲಿ ಕೂತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿದೆ. ಎಡಗೈ ಕಿರುಬೆರಳು ಮಾತ್ರ ಸೊಟ್ಟಗೇ ಉಳಿದಿದೆ.

"ಕೈ ಹೆಂಗವೆ ಅಕ್ಕ?" ಎಂದೆ.

ಅವಳು ನನ್ನ ಮಣಿಕಟ್ಟು ಹಿಡಿದು ಹಿಂಡಿದಳು. ನೋವಾಯಿತು. ಬಿಡಿಸಿಕೊಂಡು ತಿಕ್ಕಿಕೊಂಡೆ. ಆಮೇಲೆ ಇನ್ನೊಂದು ಕೈಯನ್ನೂ ಮುಂದೆ ಮಾಡಿದೆ.